ಒಂದು ದಿನವೂ ದುಡಿಯದ ವ್ಯಾಗನ್

ಐವರ್ನಾಡಿಗೆ ರೈಲು ಬಂದಿಲ್ಲ. ಬರುವ ಸುದ್ದಿಯೂ ಇಲ್ಲ. ರೈಲಿನ ಮುಖ ನೋಡಬೇಕಾದರೆ ಒಂದೋ ಪುತ್ತೂರಿಗೆ ಹೋಗಬೇಕು, ಇಲ್ಲವೇ ಕಡಬ ತಾಲೂಕಿನ ನೆಟ್ಟಣಕ್ಕೆ. ಇಂಥ ಊರಿನಲ್ಲಿ, ಅಡಿಕೆ ತೋಟಕ್ಕೆ ಮದ್ದು ಬಿಡುವ ಪಂಪು, ಹುಲ್ಲು ಕತ್ತರಿಸುವ ಯಂತ್ರಗಳ ರಿಪೇರಿ ಮಾಡಿಕೊಂಡಿದ್ದ ಕುಕ್ಕಪ್ಪ ಗೌಡರು ಅಂಗಡಿಯ ಹಿಂಬದಿಯಲ್ಲಿ ಗೂಡ್ಸ್ ರೈಲಿನ ವ್ಯಾಗನ್ ಕಟ್ಟುತ್ತಿದ್ದಾರೆ ಎಂದರೆ, ಕೇಳಿದವರು ಮೊದಲು ಅವರ ಮುಖ ನೋಡುತ್ತಿದ್ದರು, ಆಮೇಲೆ ಅವರ ಹೆಂಡತಿಯ ಮುಖ. ಹೆಂಡತಿ ಕಮಲಾವತಿಯ ಉತ್ತರ ಸಿದ್ಧವಾಗಿರುತ್ತಿತ್ತು. “ನನ್ನ ಹತ್ರ ಎಂತ ಕೇಳುದು? ಕುಡಿಯುದಿಲ್ಲ, ಇಸ್ಪೀಟು ಆಡುದಿಲ್ಲ. ಇದೊಂದು ಉಂಟು.”

ಆಟಿಕೆ ಎಂದು ಯಾರಾದರೂ ಬಾಯಿತಪ್ಪಿ ಹೇಳಿದರೆ ಗೌಡರಿಗೆ ಎಲ್ಲಿಲ್ಲದ ಸಿಟ್ಟು. ಅದು ನಿಜವಾದ ವ್ಯಾಗನಿನ ಹತ್ತನೇ ಒಂದು ಪಾಲು. ಮೂರೂವರೆ ಅಡಿ ಉದ್ದ, ಎಂಟು ಚಕ್ರ, ಎತ್ತಲು ಇಬ್ಬರು ಬೇಕು. ಕಲ್ಲಿದ್ದಲು, ಅದಿರು ಹೊರುವ, ಮೇಲೆ ಮುಚ್ಚಳವಿಲ್ಲದ ಜಾತಿಯದ್ದು. “ಎಂಜಿನ್ ಯಾವಾಗ ಮಾಡ್ತೀರಿ?” ಎಂದು ಕೇಳುವವರನ್ನಂತೂ ಅವರು ಮನುಷ್ಯರ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಎಂಜಿನ್ನಿಗೆ ಊರೆಲ್ಲ ಕೈ ಬೀಸುತ್ತದೆ, ಹೊರುವುದು ಮಾತ್ರ ವ್ಯಾಗನ್ ಎಂಬುದು ಅವರ ವಾದ. ಗಂಡಸರ ಎದುರು ಈ ಮಾತು ಬಂದಾಗಲೆಲ್ಲ ಕಮಲಾವತಿ ಒಳಗಿನಿಂದ ಒಮ್ಮೆ ಕೆಮ್ಮುವುದಿತ್ತು.

ಇದರ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಸಿಕ್ಕಿದ್ದೆಲ್ಲ ಕುಂಬ್ರದ ಸಫೀರನ ಗುಜರಿಯಲ್ಲಿ, ಅದೂ ಬೇರೆ ಬೇರೆ ವೇಷದಲ್ಲಿ. ವ್ಯಾಗನಿನ ಬದಿಯ ತಗಡು ಯಾರದೋ ಮದುವೆಯ ಕಬ್ಬಿಣದ ಕಪಾಟಿನ ಬಾಗಿಲಾಗಿತ್ತು. ಬೇರಿಂಗುಗಳು ತಿರುಗಿ ಸುಸ್ತಾದ ಸೀಲಿಂಗ್ ಫ್ಯಾನುಗಳಿಂದ ಬಂದವು. ಚಕ್ರದ ಮೇಲಿನ ಸ್ಪ್ರಿಂಗುಗಳು ಸ್ಕೂಟರಿನ ಕ್ಲಚ್ಚಿನವು, ಏಣಿಯ ಮೆಟ್ಟಿಲುಗಳು ಕೊಡೆಯ ಕಡ್ಡಿ. ಒಂದೇ ಅಳತೆಯ ಹದಿನಾರು ಸ್ಪ್ರಿಂಗ್ ಹೊಂದಿಸಲು ಹತ್ತು ತಿಂಗಳು ಹಿಡಿಯಿತು. ಒಂದು ವ್ಯಾಗನನ್ನು ಇನ್ನೊಂದಕ್ಕೆ ಕೊಂಡಿ ಹಾಕುವ ಭಾಗಕ್ಕೆ ಮಾತ್ರ ಗುಜರಿಯಲ್ಲೂ ಸಂಬಂಧಿಕರು ಸಿಗಲಿಲ್ಲ. ಗೌಡರು ಹಲಸಿನ ಮರದಲ್ಲಿ ಅಚ್ಚು ಕೆತ್ತಿ, ದೀಪ, ಗಂಟೆ ಎರಕ ಹೊಯ್ಯುವವರ ಹತ್ತಿರ ಹಿತ್ತಾಳೆಯಲ್ಲಿ ಹೊಯ್ಯಿಸಿ ತಂದರು. ಎರಕದವರು ಇದು ಯಾವ ದೇವರದ್ದೆಂದು ಎರಡು ಸಲ ಕೇಳಿದರಂತೆ.

ಅಳತೆಗಾಗಿ ಅವರು ಸುಬ್ರಹ್ಮಣ್ಯದ ಬಸ್ಸು ಹಿಡಿದು, ಅಲ್ಲಿಂದ ನೆಟ್ಟಣದ ಸ್ಟೇಷನ್ನಿಗೆ ಹೋಗುತ್ತಿದ್ದರು. ತಿಂಗಳಿಗೆ ಎರಡು ಸಲ ಸುಬ್ರಹ್ಮಣ್ಯದ ಬಸ್ಸು ಹತ್ತುವವರನ್ನು ಊರು ಏನೆಂದು ತಿಳಿಯುತ್ತದೆ? ದೊಡ್ಡ ಭಕ್ತರು ಎಂದು ಹೆಸರಾಯಿತು. ಗೌಡರು ತಿದ್ದಲು ಹೋಗಲಿಲ್ಲ. ಬಸ್ಸಿನಿಂದಿಳಿದು ದೇವಸ್ಥಾನದ ದಿಕ್ಕಿಗೆ ಒಮ್ಮೆ ಕೈಮುಗಿದು ನೆಟ್ಟಣದ ಜೀಪು ಹುಡುಕುತ್ತಿದ್ದರು.

ನೆಟ್ಟಣದಲ್ಲೇ ಒಂದು ದಿನ, ನಿಂತಿದ್ದ ಗೂಡ್ಸಿನ ಅಡಿಗೆ ಬಗ್ಗಿ ಟೇಪು ಹಿಡಿದಿದ್ದಾಗ, ರೈಲ್ವೆ ಪೊಲೀಸಿನವನು ಅವರ ಅಂಗಿಯ ಕಾಲರಿಗೆ ಕೈ ಹಾಕಿದ. ಬಿಡಿಸಿದ್ದು ಪ್ಲಾಟ್‌ಫಾರ್ಮಿನಲ್ಲಿ ರೈಲಿಗೆ ಕಾಯುತ್ತಿದ್ದ, ಬಿಳಿ ಟೊಪ್ಪಿಯ ಒಬ್ಬ ಹಿರಿಯರು. “ಬಿಡು ಮಾರಾಯ. ಕದಿಯುವವ ಅಳತೆ ತೆಗೆದು ಪುಸ್ತಕದಲ್ಲಿ ಬರೀತಾನಾ?”

ಅವರೇ ಕಬಕದ ಅಬ್ಬಾಸ್. ಮೂವತ್ತೊಂದು ವರ್ಷ ರೈಲ್ವೆಯಲ್ಲಿ ವ್ಯಾಗನ್ ತಪಾಸಣೆ ಮಾಡಿ ನಿವೃತ್ತರಾದವರು. ಸುತ್ತಿಗೆಯಿಂದ ಚಕ್ರ ಬಡಿದು ಸದ್ದಿನಲ್ಲೇ ಬಿರುಕು ಪತ್ತೆ ಹಚ್ಚುತ್ತಿದ್ದವರು. ಈಗ ತಮ್ಮ ಹಿತ್ತಲಲ್ಲಿ, ಬಾಳೆಯ ಬುಡಗಳನ್ನು ಸುತ್ತುವ ಪುಟ್ಟ ಹಳಿ ಹಾಕಿಸಿ, ಬ್ಯಾಟರಿ ಎಂಜಿನ್ನಿಗೆ ನಾಲ್ಕು ವ್ಯಾಗನ್ ಕಟ್ಟಿ ಓಡಿಸುತ್ತಿದ್ದರು. ಅದೂ ಹತ್ತಕ್ಕೆ ಒಂದರ ಅಳತೆಯೇ. ಲೋಕದಲ್ಲಿ ತನ್ನಂಥ ಇನ್ನೊಬ್ಬ ಹುಚ್ಚನಿದ್ದಾನೆ ಎಂದು ತಿಳಿದ ದಿನ ಗೌಡರು ಎರಡು ಊಟ ಉಂಡರು. ಅಬ್ಬಾಸರ ಹಳಿಯ ಮೇಲೆ ತನ್ನ ವ್ಯಾಗನ್ ಐದನೆಯದಾಗಿ ಓಡಬೇಕು, ಅವರ ಬಾಯಿಂದ ‘ಪಾಸು’ ಎಂಬ ಒಂದು ಮಾತು ಬೀಳಬೇಕು. ಅಲ್ಲಿಂದ ಮುಂದೆ ಗೌಡರಿಗೆ ಬೇರೆ ಆಸೆ ಉಳಿಯಲಿಲ್ಲ.

ವ್ಯಾಗನ್ ಮುಗಿದ ಮರುದಿನವೇ ಅದನ್ನು ಪಿಕಪ್ಪಿನಲ್ಲಿ ಹಾಕಿಕೊಂಡು ಕಬಕಕ್ಕೆ ಹೋದರು. ಅಬ್ಬಾಸ್ ಎಂಟೂ ಚಕ್ರ ಬಡಿದು ಕಿವಿಗೊಟ್ಟರು. ಸ್ಪ್ರಿಂಗು ಒತ್ತಿ ನೋಡಿದರು. ಕೊನೆಗೆ ಬದಿಯ ತಗಡಿನ ಮೇಲೆ ಬೆರಳಾಡಿಸಿ, ಚೂರೂ ಕೊಳೆ ಹತ್ತದ ಆ ಬೆರಳನ್ನು ನೋಡಿ, “ಗೌಡ್ರೇ, ಇದು ಒಂದು ದಿನವೂ ದುಡಿದ ವ್ಯಾಗನ್ ಅಲ್ಲ” ಎಂದರು.

ಎರಡು ವರ್ಷದ ಕೆಲಸಕ್ಕೆ ಸಿಕ್ಕ ಮಾತು ಇಷ್ಟು. ಗೌಡರು ಮುಖ ಕೆಂಪಗೆ ಮಾಡಿಕೊಂಡು ವ್ಯಾಗನನ್ನು ತಿರುಗಿ ಪಿಕಪ್ಪಿಗೇರಿಸಿದರು. ಅಬ್ಬಾಸ್ ಇನ್ನೇನೋ ಹೇಳುತ್ತಿದ್ದರು, ಒಳಗಿನಿಂದ ಚಹಾ ಬರುತ್ತಿತ್ತು. ಆದರೆ ಗಾಡಿ ಆಗಲೇ ಗೇಟು ದಾಟಿತ್ತು.

ಆಮೇಲಿನ ಒಂದು ವರ್ಷ ಕುಕ್ಕಪ್ಪ ಗೌಡರು ಕೊಳೆ ತಯಾರಿಸಿದರು. ನಗಬೇಡಿ, ಅದು ಕಷ್ಟದ ಕೆಲಸ. ನೆಟ್ಟಣದ ಹಳಿಯ ಬದಿಯ ಕೆಂಪು ಮಣ್ಣನ್ನು ಬುತ್ತಿ ಡಬ್ಬದಲ್ಲಿ ತುಂಬಿ ತಂದರು. ಮೊಳೆಗಳನ್ನು ಹುಳಿಮಜ್ಜಿಗೆಯಲ್ಲಿ ನೆನೆಹಾಕಿ ತುಕ್ಕು ಹಿಡಿಸಿ, ಆ ತುಕ್ಕನ್ನು ಕೆರೆದು ಕೂಡಿಟ್ಟರು. ಗೋಂದಿನಲ್ಲಿ ಕಲಸಿ ಪದರ ಪದರವಾಗಿ ಬಳಿದರು, ಮಳೆನೀರು ಇಳಿದ ಗೆರೆಗಳನ್ನು ಒಂದೊಂದಾಗಿ ಬರೆದರು, ಹಿತ್ತಾಳೆಯ ಕೊಂಡಿಗೆ ಸೀಮೆಎಣ್ಣೆ ದೀಪದ ಹೊಗೆ ಹಿಡಿಸಿ ಕಪ್ಪು ಮಾಡಿದರು. ನಿಜವಾದ ಕೊಳೆ ಹೊಳೆಯುವುದಿಲ್ಲ ಎಂದು ಮೇಲೆ ವಾರ್ನಿಷ್ ಹೊಡೆಯಲಿಲ್ಲ. ಊರಿನವರೆಲ್ಲ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಈ ಮನುಷ್ಯ ಹೊಸ ತಗಡಿಗೆ ಮಣ್ಣು ಮೆತ್ತುತ್ತ ಕುಳಿತಿದ್ದರು. ಭಾದ್ರಪದ ಮುಗಿಯುವಾಗ ಅದು ನೋಡಲು ಎಷ್ಟು ದರಿದ್ರವಾಗಿತ್ತೆಂದರೆ ಗೌಡರಿಗೆ ಕಣ್ಣು ತುಂಬಿ ಬಂತು. ಸಿಟ್ಟು ನುಂಗಿ ಅಬ್ಬಾಸರಿಗೆ ಫೋನು ಮಾಡಿದರು. ವಿಜಯದಶಮಿಯ ಬೆಳಿಗ್ಗೆ ಒಂಬತ್ತಕ್ಕೆ ತಾನೇ ಬರುತ್ತೇನೆ ಎಂದರು ಅವರು.

ಹಿಂದಿನ ದಿನ ಆಯುಧಪೂಜೆ. ಗೌಡರು ಬೆಳಿಗ್ಗೆಯೇ ಬಾಳೆಕಂದು, ಹಣ್ಣುಕಾಯಿ ತರಲು ಬೆಳ್ಳಾರೆಗೆ ಹೋಗಿದ್ದರು. ಹಿಂದಿರುಗಿ ಅಂಗಡಿಗೆ ಕಾಲಿಟ್ಟವರು ಅಲ್ಲೇ ನಿಂತರು.

ಕಮಲಾವತಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟಿದ್ದರು. ಪಂಪು, ಹುಲ್ಲಿನ ಯಂತ್ರ, ಸ್ಪ್ಯಾನರುಗಳು, ಕತ್ತಿ. ಸಾಲಿನ ನಡುವೆ, ಬಾಳೆಲೆಯ ಮೇಲೆ, ವ್ಯಾಗನ್. ಸೋಪಿನ ನೀರು ಹಾಕಿ ತೆಂಗಿನ ನಾರಿನಲ್ಲಿ ಉಜ್ಜಿದ ಅದರ ಬದಿಗಳು ಫಳಫಳ ಹೊಳೆಯುತ್ತಿದ್ದವು. ಹುಣಸೆಹುಳಿ ತಿಕ್ಕಿದ ಹಿತ್ತಾಳೆಯ ಕೊಂಡಿಯಂತೂ ಬಂಗಾರದ ಹಾಗಿತ್ತು. ಮೂರು ಗೆರೆ ಗಂಧ, ನಡುವೆ ಕುಂಕುಮ, ಮೇಲೊಂದು ಸೇವಂತಿಗೆ ಮಾಲೆ.

“ಎಂತ ಮಾಡಿದೆ ಮಾರಾಯ್ತಿ!” ಗೌಡರು ಬಾಳೆಕಂದನ್ನು ಅಲ್ಲೇ ಕೆಳಗೆ ಹಾಕಿದರು.

“ಎಂತ ಮಾಡುದು? ವರ್ಷ ಆಯ್ತು, ಒಂದು ದಿನ ತೊಳೆದಿದ್ದೀರಾ ಅದನ್ನು? ಪೂಜೆಗೆ ಆ ಕೊಳಕನ್ನು ಇಡ್ಲಿಕ್ಕೆ ಆಗ್ತದಾ? ಕೈ ಚರ್ಮ ಹೋಯ್ತು ನಂದು.” ಅವರು ಕೈ ತೋರಿಸಿದರು. ನಿಜಕ್ಕೂ ಬೆರಳುಗಳ ತುದಿ ಕೆಂಪಾಗಿತ್ತು.

ಆ ಬೆರಳು ನೋಡಿದ ಮೇಲೆ ಗೌಡರಿಗೆ ಬೈಯಲೂ ಆಗಲಿಲ್ಲ. ಮತ್ತೆ ಮಣ್ಣು ಬಳಿಯೋಣವೆಂದರೆ, ಪೂಜೆಗಿಟ್ಟದ್ದನ್ನು ಮರುದಿನ ಮಧ್ಯಾಹ್ನದ ಮಂಗಳಾರತಿಯವರೆಗೆ ಮುಟ್ಟುವಂತಿಲ್ಲ. ಈ ನಿಯಮ ಮಾಡಿದ್ದು ಅವರ ಅಪ್ಪ, ಬಿಡದೆ ನಡೆಸಿಕೊಂಡು ಬಂದದ್ದು ಸ್ವತಃ ಅವರು. ಆ ದಿನ ಅವರು ಪ್ರಸಾದದ ಅವಲಕ್ಕಿಯನ್ನೂ ಸರಿಯಾಗಿ ತಿನ್ನಲಿಲ್ಲ.

ಮರುದಿನ ಒಂಬತ್ತಕ್ಕೆ ಸರಿಯಾಗಿ ಅಬ್ಬಾಸ್ ಬಂದರು. ಗೌಡರು ಅಂಗಡಿಯ ಬಾಗಿಲಲ್ಲೇ ಅಡ್ಡ ನಿಂತು, ಹುಳಿಮಜ್ಜಿಗೆ, ತುಕ್ಕು, ಗೋಂದು, ಮಳೆಗೆರೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅಬ್ಬಾಸ್ ಚಪ್ಪಲಿ ಕಳಚಿ ಒಳಗೆ ಹೋಗಿ, ವ್ಯಾಗನಿನ ಎದುರು ಕುಕ್ಕರುಗಾಲಲ್ಲಿ ಕುಳಿತು, ಮುಟ್ಟದೆ ನೋಡಿದರು.

“ಈ ಕುಂಕುಮ ಇಟ್ಟದ್ದು ಯಾರು?”

“ನಾನು,” ಎಂದರು ಕಮಲಾವತಿ, ಸ್ವಲ್ಪ ಹೆದರಿ.

“ನಮ್ಮ ಶೆಡ್ಡಿನಲ್ಲಿಯೂ ಹೀಗೇ ಇಡ್ತಿದ್ರು ಅಕ್ಕ. ರಿಪೇರಿಗೆ ಬಂದ ವ್ಯಾಗನ್ ಎಲ್ಲ ತೊಳೆದು, ಗಂಧ ಹಚ್ಚಿ ಕಳಿಸುದು. ಮೂರು ವಾರ ಬಿಟ್ಟು ವಾಪಸ್ ಬರುವಾಗ ಮೈಯೆಲ್ಲ ಕಪ್ಪು, ಕುಂಕುಮ ಮಾತ್ರ ಎಲ್ಲೋ ಮೂಲೆಯಲ್ಲಿ ಉಳಿದಿರ್ತಿತ್ತು. ಒರೆಸಬೇಡಿ ಇದನ್ನು.”

ಗೌಡರಿಗೆ ಇದನ್ನು ಸಹಿಸಲಾಗಲಿಲ್ಲ. “ಅಬ್ಬಾಸ್ ಸಾರ್, ನೀವೇ ಅಲ್ವಾ ಹೇಳಿದ್ದು, ಒಂದು ದಿನವೂ ದುಡಿದ ವ್ಯಾಗನ್ ಅಲ್ಲ ಅಂತ? ಅದಕ್ಕೇ ಒಂದು ವರ್ಷ ಕೂತು ಕೊಳೆ ಮಾಡಿದ್ದು ನಾನು!”

ಅಬ್ಬಾಸ್ ಬೆರಗಾಗಿ ಅವರನ್ನು ನೋಡಿದರು. “ಕೊಳೆ ಮಾಡಿ ಅಂತ ಯಾರು ಹೇಳಿದ್ದು ಗೌಡ್ರೇ? ದುಡಿದಿಲ್ಲ, ಇಲ್ಲೇ ಬಿಟ್ಟು ಹೋಗಿ, ಎರಡು ಮಳೆಗಾಲ ಓಡಲಿ ಅಂತ ಹೇಳ್ಲಿಕ್ಕೆ ಹೊರಟದ್ದು ನಾನು. ಪಾಸು ಅಂತಲೂ ಹೇಳ್ಲಿಕ್ಕಿತ್ತು. ನೀವು ಚಾ ಕುಡಿಯುವಷ್ಟು ನಿಲ್ಲಲಿಲ್ಲವಲ್ಲ ಮಾರಾಯ್ರೆ!”

ಕಮಲಾವತಿ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ಗೌಡರಿಗೆ ಅವಮಾನವಾಯಿತು, ಸಂತೋಷವಾಯಿತು, ಒಂದು ವರ್ಷದ ಬಗ್ಗೆ ಹೊಟ್ಟೆ ಉರಿಯಿತು. ಯಾವುದು ಮೊದಲೆಂದು ಅವರಿಗೇ ತಿಳಿಯಲಿಲ್ಲ.

ಮಂಗಳಾರತಿ ಮುಗಿದ ಮೇಲೆ ಮೂವರೂ ವ್ಯಾಗನಿನ ಜೊತೆ ಕಬಕಕ್ಕೆ ಹೋದರು. ಐದನೆಯದಾಗಿ ಕೊಂಡಿ ಹಾಕಿದಾಗ ಹಿತ್ತಾಳೆ ‘ಟಕ್’ ಎಂದಿತು. ಎಂಜಿನ್ ಎಳೆಯಿತು. ಹಿಂದಿನ ಸಂಜೆಯ ಮಳೆಗೆ ಬಾಳೆಯ ಬುಡಗಳಲ್ಲಿ ನೀರು ನಿಂತಿತ್ತು. ಸ್ಪ್ರಿಂಗುಗಳು ಏರಿಳಿಯುತ್ತ, ಎಂಟೂ ಚಕ್ರಗಳು ಒಂದೇ ಸ್ವರದಲ್ಲಿ ಉರುಳುತ್ತ ವ್ಯಾಗನ್ ಮೊದಲ ತಿರುವು ದಾಟಿತು. ಎರಡನೆಯ ತಿರುವಿನಲ್ಲಿ ಕೆಸರು ಚಿಮ್ಮಿ ಬದಿಯ ತಗಡಿನ ಮೇಲೆ ಉದ್ದಕ್ಕೆ ಬಿತ್ತು.

ಗೌಡರು ಒಂದೇ ನೆಗೆತಕ್ಕೆ ಹಳಿಯ ಬದಿಗೆ ಹಾರಿ, ಹೆಗಲ ಬೈರಾಸು ಎಳೆದು, ಬಗ್ಗಿ ಓಡುತ್ತ ಆ ಕೆಸರನ್ನು ಒರೆಸತೊಡಗಿದರು. ಅಬ್ಬಾಸ್ ಎಂಜಿನ್ ನಿಲ್ಲಿಸಿ ಅವರ ಕೈ ಹಿಡಿದುಕೊಳ್ಳಬೇಕಾಯಿತು.