ಮಂತ್ರಿಯ ಮೂಗಿನ ಮುಂದೆ ಬಿದ್ದ ಬೀಗ

ಶಾಸನಸಭೆಯ ಉತ್ತರದ ಬಾಗಿಲಿನ ಹೊರಗೆ ಒಂದು ಸ್ಟೂಲ್ ಇತ್ತು. ಮೂರೇ ಕಾಲು, ನಾಲ್ಕನೆಯದರ ಜಾಗದಲ್ಲಿ ಇಟ್ಟಿಗೆ. ಆ ಬಾಗಿಲು ಕಾಯುವ ಬೀಗದಣ್ಣನಿಗೆ ಅದೇ ಸಿಂಹಾಸನ. ಇಪ್ಪತ್ತೆಂಟು ವರ್ಷಗಳಲ್ಲಿ ಬೇರೆ ಯಾರೂ ಅದರ ಮೇಲೆ ಕೂತದ್ದಿಲ್ಲ. ಕೂರಲು ಯಾರೂ ಧೈರ್ಯ ಮಾಡಲಿಲ್ಲ ಎನ್ನುವುದು ಬೇರೆ ಮಾತು.

ಒಳಗೆ ಮತ ಎಣಿಸುವ ಮುನ್ನ ಮೂರು ನಿಮಿಷ ಗಂಟೆ ಮೊಳಗುತ್ತದೆ. ಕ್ಯಾಂಟೀನು, ವರಾಂಡ, ಶೌಚಾಲಯ, ಎಲ್ಲೆಲ್ಲಿಂದಲೋ ಸದಸ್ಯರು ಏದುಸಿರು ಬಿಡುತ್ತ ಓಡಿಬರುತ್ತಾರೆ. ಗಂಟೆ ನಿಂತಿತೋ, ಬೀಗದಣ್ಣನ ಬೀಗ ಬಿತ್ತು. ಎಣಿಕೆ ಮುಗಿಯುವವರೆಗೆ ಸೊಳ್ಳೆಗೂ ಪ್ರವೇಶವಿಲ್ಲ.

ಇನ್ನೆರಡು ತಿಂಗಳಿಗೆ ಅವನ ನಿವೃತ್ತಿ. ಇನ್ನೊಂದು ವರ್ಷ ಕೆಲಸ ಮುಂದುವರಿಸಿ ಎಂಬ ಅರ್ಜಿ ಹಣಕಾಸು ಮಂತ್ರಿಯ ಮೇಜಿನ ಮೇಲೆ ಕೂತಿತ್ತು. ಅವನಿಗಿಂತ ಹೆಂಡತಿಗೇ ಅದರ ಚಿಂತೆ ಜಾಸ್ತಿ.

“ರೀ, ಮಂತ್ರಿಗಳು ಎದುರಿಗೆ ಬಂದ್ರೆ ಸ್ವಲ್ಪ ಹಲ್ಲು ಕಾಣಿಸಿ. ನೀವು ಮನೇಲಿ ಕೂತ್ರೆ ನನ್ನ ಅಡುಗೆಮನೆಗೂ ಬೀಗ ಬೀಳುತ್ತೆ,” ಎಂದಿದ್ದಳು ಆ ಬೆಳಿಗ್ಗೆ.

ಸುಳ್ಳಲ್ಲ. ಊಟಕ್ಕೆ ಕರೆದು ಮೂರು ನಿಮಿಷ ದಾಟಿತೆಂದು ಸ್ವಂತ ಭಾವಮೈದುನನನ್ನೇ ಹೊಸ್ತಿಲಾಚೆ ನಿಲ್ಲಿಸಿದ್ದ ಆಸಾಮಿ.

ಅವತ್ತು ಬಜೆಟ್ ಚರ್ಚೆಯ ಕೊನೆಯ ದಿನ. ಸಂಜೆ ಐದು ಹೊಡೆದರೆ ಯಾರೇ ಮಾತಾಡುತ್ತಿರಲಿ, ಅರ್ಧ ವಾಕ್ಯಕ್ಕೇ ಕತ್ತರಿ; ಉಳಿದದ್ದೆಲ್ಲ ನೇರ ಮತಕ್ಕೆ. ಒಂದು ಇಲಾಖೆಯ ಮೊತ್ತದಲ್ಲಿ ಒಂದೇ ಒಂದು ನಾಣ್ಯ ಕಡಿತ ಮಾಡಿ ಎಂದು ವಿರೋಧ ಪಕ್ಷ ಸೂಚನೆ ಕೊಟ್ಟಿತ್ತು. ನಾಣ್ಯ ಯಾರಿಗೆ ಬೇಕು? ಆದರೆ ಸೂಚನೆ ಗೆದ್ದರೆ ಸರ್ಕಾರವನ್ನು ಸಭೆ ನಂಬುವುದಿಲ್ಲವೆಂದೇ ಅರ್ಥ. ಮಂತ್ರಿಗಳು ಗಂಟುಮೂಟೆ ಕಟ್ಟಬೇಕು.

ಐದು ಹೊಡೆಯಿತು. ಗಂಟೆ ಮೊಳಗಿತು, ನಿಂತಿತು. ಬೀಗದಣ್ಣ ಕೀಲಿ ತಿರುಗಿಸಿದ. ಆಗ ವರಾಂಡದ ತುದಿಯಲ್ಲಿ ಧಡಧಡ ಸದ್ದು. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದರಲ್ಲಿ ಕಡತ ಹಿಡಿದು ಹಣಕಾಸು ಮಂತ್ರಿ ಓಡಿಬಂದರು.

“ತೆಗಿಯಪ್ಪಾ.”

ಬೀಗದಣ್ಣ ಹೆಂಡತಿಯ ಮಾತು ನೆನೆದು ಹಲ್ಲು ಕಾಣಿಸಿದ. “ಗಂಟೆ ನಿಂತೋಯ್ತು ಸಾರ್.”

“ಒಳಗೆ ಓಟು ಹಾಕ್ತಿರೋದು ನನ್ನ ಬಜೆಟ್ಟಿಗೆ ಕಣಯ್ಯಾ.”

“ಬಜೆಟ್ಟು ನಿಮ್ದೇ ಸಾರ್. ಬೀಗ ಸಭೆದು.”

“ನಿನ್ನ ಅರ್ಜಿ ನನ್ನ ಹತ್ರ ಇದೆ, ಜ್ಞಾಪಕ ಇದೆಯಾ?”

ಬೀಗದಣ್ಣನ ಕಣ್ಣ ಮುಂದೆ ಅಡುಗೆಮನೆ ಬಂತು; ಅದರ ಹಿಂದೆಯೇ ಹೆಂಡತಿಯ ಮುಖವೂ. ಕೀಲಿಯನ್ನು ಜೇಬಿನ ತಳಕ್ಕೆ ತುರುಕಿದ. “ಇದೆ ಸಾರ್. ಇಲ್ಲಿ ಕೂತ್ಕೊಳ್ಳಿ, ಎಣಿಕೆ ಕೇಳ್ಸುತ್ತೆ.”

ಮಂತ್ರಿ ಸಿಂಹಾಸನವನ್ನೇರಿದರು. ಇಟ್ಟಿಗೆ ಜಾರಿತು, ಸ್ಟೂಲ್ ವಾಲಿತು, ಟೀ ಕೋಟಿನ ಪಾಲಾಯಿತು. ಸಾಮ್ರಾಜ್ಯವೊಂದು ಉರುಳದಂತೆ ಬೀಗದಣ್ಣ ಅವರ ಭುಜವನ್ನು ಎರಡೂ ಕೈಯಿಂದ ಹಿಡಿದು ನಿಂತ.

ಗೋಡೆಯ ಸ್ಪೀಕರ್ ಗೊರಗುಟ್ಟಿತು. ಸೂಚನೆಯ ಪರ ಅರವತ್ತೊಂದು. ವಿರುದ್ಧ ಅರವತ್ತೊಂದು.

“ನಾನಿದ್ದಿದ್ರೆ ಅರವತ್ತೆರಡು,” ಎಂದು ಮಂತ್ರಿ ನರಳಿದರು.

“ಉಸಿರು ಬಿಡಿ ಸಾರ್. ಸಮ ಬಂದ್ರೆ ಅಧ್ಯಕ್ಷರು ಇದ್ದಿದ್ದನ್ನ ಇದ್ದ ಹಾಗೇ ಬಿಡ್ತಾರೆ. ಎರಡು ಸಲ ನೋಡಿದೀನಿ.”

ಹಾಗೇ ಆಯಿತು. ಅಧ್ಯಕ್ಷರ ಮತ ಸೂಚನೆಗೆ ವಿರುದ್ಧ ಬಿತ್ತು; ಬಜೆಟ್ಟು ಬದುಕಿತು. ಬೀಗ ತೆಗೆದಾಗ ಮಂತ್ರಿ ಒದ್ದೆ ಕೋಟಿನಲ್ಲೇ ಒಳಗೆ ಹೋದರು. ಬೀಗದಣ್ಣ ಮನೆಯಲ್ಲಿ ಬಾಯಿ ಬಿಡಲಿಲ್ಲ.

ಮೂರನೆಯ ದಿನ ಅರ್ಜಿ ವಾಪಸು ಬಂತು. ಅಂಚಿನಲ್ಲಿ ಮಂತ್ರಿಯ ಕೈಬರಹ: ‘ಒಂದು ವರ್ಷ ಮುಂದುವರಿಸಿ. ವಿರೋಧ ಪಕ್ಷದವರಿಗೂ ಹೀಗೇ ಬೀಗ ಹಾಕಲಿ. ಸ್ಟೂಲಿಗೆ ಕಾಲು ಹಾಕಿಸಿ.’

ಹೆಂಡತಿ ಅದನ್ನು ಮೂರು ಸಲ ಓದಿಸಿ ಕೇಳಿದಳು. ಗಂಡ ಮಾತ್ರ ಮುಖ ಊದಿಸಿಕೊಂಡೇ ಕೂತಿದ್ದ.

“ಇನ್ನೇನ್ರೀ ನಿಮ್ಮ ಗೋಳು?”

“ನಾಲ್ಕನೇ ಕಾಲು ಬಂದ್ರೆ ಇನ್ಮೇಲೆ ಕಂಡಕಂಡೋರೆಲ್ಲ ಬಂದು ಕೂರ್ತಾರೆ ಕಣೇ.”