ಚಂದ್ರಿಕೆಯೊಳಗೆ ಸಿಕ್ಕ ಮಾತ್ರೆಗಳು

ನಮ್ಮ ರೂಪಾ ಬಚ್ಚಿಟ್ಟಿದ್ದ ನೋವಿನ ಮಾತ್ರೆಗಳು ನನಗೆ ಸಿಕ್ಕಿದ್ದು ಹುಳು ಹಣ್ಣಾದ ದಿನ. ನಾವು ಸಾದಲಿ ಕಡೆಯವರು, ರೇಷ್ಮೆ ಸಾಕುತ್ತೇವೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ನಮ್ಮಲ್ಲಿ ಚಂದ್ರಿಕೆ ಎನ್ನುತ್ತಾರೆ. ಹೋದ ಮಾಘದಲ್ಲಿ ಹುಳು ಒಟ್ಟಿಗೇ ಹಣ್ಣಾಗಿ, ಎಂದರೆ ಗೂಡು ಕಟ್ಟುವ ಹದಕ್ಕೆ ಬಂದು, ಚಂದ್ರಿಕೆ ಸಾಲದೆ ಹೋಯಿತು. ವರ್ಷಗಳಿಂದ ಯಾರೂ ಮುಟ್ಟದಿದ್ದ, ಪಕ್ಕೆ ಮುರಿದ ಹಳೆಯದೊಂದನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಕೊಡವಿದೆ. ಅದರ ಸುರುಳಿಗಳ ನಡುವಿನಿಂದ ಮಾತ್ರೆಯ ಹಾಳೆಗಳು ಪಟಪಟನೆ ಉದುರಿದವು. ಹದಿನಾಲ್ಕು ಹಾಳೆ. ಕೆಲವು ಖಾಲಿ, ಕೆಲವು ತುಂಬಿದ್ದವು.

ರೂಪಾ ನಮ್ಮ ಒಬ್ಬಳೇ ಮಗಳು, ವಯಸ್ಸು ಇಪ್ಪತ್ತೇಳು. ಶಿಡ್ಲಘಟ್ಟದ ಖಾಸಗಿ ಶಾಲೆಯೊಂದರಲ್ಲಿ ಟೀಚರ್. ಎರಡು ವರ್ಷದ ಹಿಂದೆ ಸ್ಕೂಟಿಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಡಾಕ್ಟರು ಹದಿನೈದು ದಿನಕ್ಕೆಂದು ಬರೆದುಕೊಟ್ಟ ಚೀಟಿ ಒಂದೂವರೆ ವರ್ಷ ನಡೆಯಿತು. ಅದನ್ನು ನಡೆಸಿದವಳು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ. ಚೀಟಿಯ ಜೆರಾಕ್ಸ್ ಹಿಡಿದು ಒಮ್ಮೆ ಶಿಡ್ಲಘಟ್ಟ, ಒಮ್ಮೆ ಚಿಂತಾಮಣಿ ಎಂದು ಬಸ್ಸು ಹತ್ತುತ್ತಿದ್ದೆ. ತಂದ ಮಾತ್ರೆಯನ್ನು ದೇವರ ದೀಪದ ಹತ್ತಿರವಿಟ್ಟು, "ಅಮರನಾರಾಯಣಸ್ವಾಮಿ, ನನ್ನ ಮಗಳ ನೋವು ತೆಗಿಯಪ್ಪ" ಎಂದು ಬೇಡಿಕೊಂಡು, ಬೆಳಿಗ್ಗೆ ತೀರ್ಥದ ಜೊತೆ ನಾನೇ ಅವಳ ಕೈಗೆ ಕೊಡುತ್ತಿದ್ದೆ. ನಾನು ಕೊಡುವುದು ಸಾಲದೆ ಅವಳೂ ಬೇರೆ ಅಂಗಡಿಗಳಿಂದ ತರುತ್ತಿದ್ದಳೆಂದು ಆ ದಿನವೇ ತಿಳಿದದ್ದು.

ಕೇಳಿದೆ. ಅವಳು ಸುಳ್ಳು ಹೇಳಲಿಲ್ಲ. "ನೋವಿಗೆ ಅಂತ ಶುರು ಮಾಡ್ದೆ ಅಮ್ಮ. ಈಗ ನೋವಿಲ್ಲದಿದ್ರೂ ಬೇಕು. ಬಿಟ್ರೆ ಕೈ ನಡುಗುತ್ತೆ, ಬೋರ್ಡ್ ಮೇಲೆ ಬರೆಯೋಕಾಗಲ್ಲ."

ಅವಳ ಅಪ್ಪ ಚಂದ್ರಿಕೆಯ ಪಕ್ಕ ಕೂತಿದ್ದವರು, "ನಿನ್ನ ದೇವರಮನೆ ಒಂದು ಮೆಡಿಕಲ್ ಸ್ಟೋರು, ನಮ್ಮ ಹುಳದ ಮನೆ ಇನ್ನೊಂದು. ಬೋರ್ಡ್ ಹಾಕೋದೊಂದು ಬಾಕಿ ಕಣೇ" ಎಂದರು. ಆ ಮಾತು ನನಗೆ ಚುಚ್ಚಿತು. ಅದೇ ರೋಷದಲ್ಲಿ ಮಾತ್ರೆಗಳನ್ನೆಲ್ಲ ಬಾಚಿ ನೀರೊಲೆಗೆ ಹಾಕಿದೆ. ದೀಪ ಹಚ್ಚಿ ಹರಕೆ ಹೊತ್ತೆ: ಮಗಳು ಇದನ್ನು ಬಿಟ್ಟರೆ ಚಿಂತಾಮಣಿಯಿಂದ ಕೈವಾರದ ನಿನ್ನ ಸನ್ನಿಧಿಗೆ ಇಬ್ಬರೂ ಬರಿಗಾಲಲ್ಲಿ ನಡೆದು ಬರುತ್ತೇವೆ, ಸ್ವಾಮಿ.

ಮಾರನೆಯ ದಿನ ಅವಳ ಕಣ್ಣು ಮೂಗಲ್ಲೆಲ್ಲ ನೀರು. ಅದರ ಮಾರನೆಯ ದಿನ ವಾಂತಿ, ನಡುಕ, ಮೈಯೆಲ್ಲ ಹಿಂಡಿದ ಹಾಗೆ ಸಂಕಟ. "ಒಂದೇ ಒಂದು ಕೊಡಮ್ಮ, ಅರ್ಧ ಆದ್ರೂ ಕೊಡು" ಎಂದು ನನ್ನ ಕಾಲು ಹಿಡಿದಳು. ನಾನು ಕೊಡಲಿಲ್ಲ. ಪಿಡುಗು ಬಿಟ್ಟುಹೋಗುವಾಗ ಹೀಗೇ ಕಾಡುತ್ತದೆ, ಸ್ವಾಮಿಯ ಸನ್ನಿಧಿಗೆ ಕರೆದೊಯ್ದರೆ ಸರಿಹೋಗುತ್ತದೆ ಎಂದುಕೊಂಡು ಅವಳನ್ನು ಬಸ್ಸು ಹತ್ತಿಸಿದೆ. ಚಿಂತಾಮಣಿಗೆ ಬರುವುದರೊಳಗೆ ಎರಡು ಪ್ಲಾಸ್ಟಿಕ್ ಕವರ್ ತುಂಬಿತು. ಕಂಡಕ್ಟರು, "ತಾಯಿ, ಇವರನ್ನ ಆಸ್ಪತ್ರೆಗೆ ಕರ್ಕೊಂಡೋಗೋದು ಬಿಟ್ಟು ಎಲ್ಲಿಗೆ ಹೊರಟ್ರಿ?" ಎಂದು ಕೇಳಿದ. ನಾನು ಚಿಂತಾಮಣಿಯಲ್ಲಿ ಇಳಿಸಿ ಕೈವಾರದ ಬಸ್ಸು ಹತ್ತಿಸಿದೆ.

ಕೈವಾರದಲ್ಲಿ ದರ್ಶನವಾಯಿತು. ಪ್ರಸಾದದ ಸಾಲಿನಲ್ಲಿ ರೂಪಾ ಎಲೆಯ ಮುಂದೆ ಮುದುಡಿ ಕೂತಿದ್ದಳು. ಸಾಂಬಾರು ಬಡಿಸುತ್ತಾ ಬಂದ ಹೆಂಗಸೊಬ್ಬರು ಅವಳ ಮುಂದೆ ನಿಂತುಬಿಟ್ಟರು. ಗೌರಿಬಿದನೂರಿನವರು, ನರ್ಸ್ ಕೆಲಸದಿಂದ ನಿವೃತ್ತರಾಗಿ ತಿಂಗಳಿಗೊಮ್ಮೆ ಸೇವೆಗೆ ಬರುವವರು ಎಂದು ಆಮೇಲೆ ತಿಳಿಯಿತು.

"ಏಮ್ಮಾ, ಮಗು ಯಾವ ಮಾತ್ರೆ ತಗೋತಿತ್ತು? ಯಾವಾಗ ನಿಲ್ಲಿಸಿದ್ರಿ?"

ಯಾರಿಗೂ ಹೇಳಬಾರದೆಂದಿದ್ದೆ. ಬಾಯಿಗೆ ಬಂದುಬಿಟ್ಟಿತು. "ಮೊನ್ನೆ ಎಲ್ಲಾ ಒಲೆಗೆ ಹಾಕ್ದೆ. ಇನ್ನು ಸ್ವಾಮಿ ನೋಡ್ಕೋತಾನೆ ಅಂತ ಬಂದೆ."

ಆಕೆ ಬಕೆಟ್ ಕೆಳಗಿಟ್ಟರು. "ನೋಡ್ಕೊಳ್ದೆ ಏನು? ಅದಕ್ಕೇ ನನ್ನ ಇಲ್ಲಿ ಸಾಂಬಾರ್ ಬಡಿಸೋಕೆ ನಿಲ್ಲಿಸಿದ್ದಾನೆ. ಏಳಿ." ಹಿಪ್ಪುನೇರಳೆ ಸೊಪ್ಪಿನ ಕಲೆ ಹಿಡಿದ ನನ್ನ ಬೆರಳುಗಳನ್ನು ನೋಡಿ ಕೇಳಿದರು, "ಹುಳ ಸಾಕ್ತೀರಲ್ವಾ? ಎಳೇ ಹುಳಕ್ಕೆ ಕುಡಿಸೊಪ್ಪು ಹಾಕ್ತಿದ್ದೋರು ಮಾರನೇ ದಿನ ಬಲಿತ ಸೊಪ್ಪು ಸುರೀತೀರಾ?"

"ಇಲ್ಲ. ದಿನ ನೋಡ್ಕೊಂಡು, ಸ್ವಲ್ಪ ಸ್ವಲ್ಪವೇ ಬದಲಾಯಿಸ್ತೀವಿ."

"ಹುಳಕ್ಕಿರೋ ಮರ್ಯಾದೆ ಮಗಳಿಗೆ ಇಲ್ವಾ?"

ಆಕೆಯೇ ಆಟೋ ಹಿಡಿದು ಚಿಂತಾಮಣಿಯ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿನವರು ಡ್ರಿಪ್ ಹಾಕಿ ಚಿಕ್ಕಬಳ್ಳಾಪುರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಒಂಬತ್ತು ದಿನ ಇದ್ದೆವು. ಅಲ್ಲಿನ ಮನೋವೈದ್ಯೆ ನನ್ನ ಮಗಳ ವಯಸ್ಸಿನವರೇ. "ಚೀಟಿ ತಗೊಂಡು ಅಂಗಡಿಗೆ ಯಾರು ಹೋಗ್ತಿದ್ರು?" ಎಂದು ಕೇಳಿದಾಗ ರೂಪಾ, "ನಾನೇ" ಎಂದಳು. "ನಾನೂ" ಎಂದೆ. ಡಾಕ್ಟರು ಇಬ್ಬರನ್ನೂ ಬೈಯಲಿಲ್ಲ. ಎಷ್ಟು ಔಷಧಿ, ಯಾವ ವಾರ ಎಷ್ಟು ಇಳಿಸಬೇಕು ಎಂದು ಬರೆದುಕೊಟ್ಟರು. ಸೊಂಟಕ್ಕೆ ವ್ಯಾಯಾಮ ಹೇಳಿಕೊಟ್ಟರು.

ನನ್ನ ಹತ್ತಿರ ಹುಳದ ಪುಸ್ತಕವೊಂದಿದೆ. ಮರಿ ಬಂದ ದಿನ, ಸೊಪ್ಪು ಹಾಕಿದ ಹೊತ್ತು, ಮನೆಯ ಶಾಖ ಎಲ್ಲ ಅದರಲ್ಲಿ ಬರೆಯುತ್ತೇನೆ. ಅಂದಿನಿಂದ ಎಡಗಡೆ ಹುಳ, ಬಲಗಡೆ ರೂಪಾ. ಇಷ್ಟು ಕೊಟ್ಟೆ, ಇಷ್ಟು ನಿದ್ದೆ, ಒಂದೂವರೆ ಮುದ್ದೆ ಉಂಡಳು. ಎರಡನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ತೆರೆದರೆ ಬಲಗಡೆ ಅವಳದೇ ಅಕ್ಷರ: "ಪರ್ಸಿನಲ್ಲಿ ಹಳೆಯ ಮಾತ್ರೆ ಒಂದು ಸಿಕ್ಕಿತು. ತಗೊಂಡೆ. ಬೈಬೇಡ." ಸೊಪ್ಪು ಹಾಕುವ ಹೊತ್ತಾಗಿತ್ತು. ಹಾಕಿ ಬಂದು ಕೆಳಗೆ ಬರೆದೆ: "ಬೈಯಲ್ಲ. ಡಾಕ್ಟರಿಗೆ ನೀನೇ ಹೇಳು." ಆ ಗುರುವಾರ ಚಿಕ್ಕಬಳ್ಳಾಪುರದ ಬಸ್ಸಿಗೆ ನನಗಿಂತ ಮೊದಲೇ ಹೊರಟು ನಿಂತಿದ್ದಳು. ಬಚ್ಚಿಡುತ್ತಿದ್ದವಳು ತಾನೇ ಬರೆದಿಟ್ಟಳಲ್ಲ, ಅಂದೇ ನನಗೆ ಧೈರ್ಯ ಬಂತು.

ಈ ಕಾರ್ತಿಕಕ್ಕೆ ಅವಳು ಮಾತ್ರೆ ಪೂರ್ತಿ ಬಿಟ್ಟು ಐದು ತಿಂಗಳು. ಡಾಕ್ಟರನ್ನು ಕೇಳಿಯೇ ಹರಕೆ ತೀರಿಸಲು ಹೊರಟೆವು. ಅರ್ಧ ದಾರಿಯಲ್ಲಿ ರೂಪಾ ಹುಣಸೆಮರದ ಬುಡದಲ್ಲಿ ಕೂತಳು. "ಅಮ್ಮ, ಸೊಂಟ ನೋಯ್ತಾ ಇದೆ."

ಮೊದಲಾಗಿದ್ದರೆ ನನ್ನ ಕೈ ಚೀಲದೊಳಗೆ ಹೋಗುತ್ತಿತ್ತು. ಚೀಲದಲ್ಲಿ ಈಗ ಬಾಳೆಹಣ್ಣು, ನೀರು ಅಷ್ಟೇ. "ಆಟೋ ಹಿಡಿಯೋಣ್ವಾ?" ಎಂದೆ.

"ಬೇಡ. ಸ್ವಲ್ಪ ಕೂತ್ಕೊಂಡ್ರೆ ಕಮ್ಮಿಯಾಗುತ್ತೆ. ಆಮೇಲೆ ಹೋಗಣ."

ನೋವು ತೆಗಿಯಪ್ಪ ಎಂದು ನಾನು ಬೇಡಿದ್ದೆ. ಸ್ವಾಮಿ ನೋವನ್ನು ಅಲ್ಲೇ ಇಟ್ಟು ಮಗಳನ್ನು ಎತ್ತಿಕೊಟ್ಟಿದ್ದಾನೆ. ಮುರಿದ ಚಂದ್ರಿಕೆಯನ್ನು ನನ್ನ ಕೈಯಿಂದ ಇಳಿಸಿದವನೂ, ಸಾಂಬಾರಿನ ಬಕೆಟ್ ಹಿಡಿಸಿ ಆ ತಾಯಿಯನ್ನು ನಿಲ್ಲಿಸಿದವನೂ, ಡಾಕ್ಟರಿಗೆ ಬುದ್ಧಿ ಕೊಟ್ಟವನೂ ಅವನೇ. ನಿಮ್ಮ ಮನೆಯಲ್ಲೂ ಇಂಥ ಸಂಕಟವಿದ್ದರೆ ದೀಪ ಹಚ್ಚಿ, ಹಾಗೆಯೇ ಆಸ್ಪತ್ರೆಯ ಬಸ್ಸೂ ಹತ್ತಿ. ಎರಡು ಕಡೆಯೂ ಅವನಿದ್ದಾನೆ.

ಬಾಳೆಹಣ್ಣು ತಿಂದು ನೀರು ಕುಡಿದು ರೂಪಾ ತಾನೇ ಎದ್ದಳು. ಮಂಗಳಾರತಿಯ ಹೊತ್ತಿಗೆ ಇಬ್ಬರೂ ಕೈವಾರದಲ್ಲಿದ್ದೆವು.