ಕೂಸು ತೊಟ್ಟಿಲಲ್ಲೇ ಇತ್ತು

ಹಾಲು ಉಕ್ಕಿ ಸೀದ ವಾಸನೆ ಬಂದರೆ ಈ ಎಪ್ಪತ್ತು ದಾಟಿದ ವಯಸ್ಸಿನಲ್ಲೂ ಎದ್ದುಬಿದ್ದು ಅಡುಗೆಮನೆಗೆ ಓಡುತ್ತೇನೆ. ಗೋವೆಯ ಫಾತೋರ್ಡಾದ ಈ ಫ್ಲ್ಯಾಟಿನಲ್ಲಿ ಗ್ಯಾಸ್ ಆಫ್ ಮಾಡುವ ಮುಂಚೆ, ಒಳಗೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಒಮ್ಮೆ ಕೂಗಿ ನೋಡುತ್ತೇನೆ. ಸಿಲ್ಲಿ, ಗೊತ್ತು. ಭಯದ ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಅಪ್ಪ ಗದಗಿನ ಕಡೆಯಿಂದ ಗೋವೆಗೆ ಬಂದ, ಗಾರೆ ಕೆಲಸದ ಗೌಂಡಿ. ಇಲ್ಲಿ ಒಂದು ಸಣ್ಣ ಕ್ರೈಸ್ತ ಸಭೆಗೆ ಸೇರಿದ ಮೇಲೆ ಹೂವು, ಬಳೆ, ಸಿನಿಮಾ, ಕಡೆಗೆ ಕ್ರಿಸ್‌ಮಸ್ಸಿನ ನಕ್ಷತ್ರ ಕೂಡ ನಮ್ಮ ಮನೆಯಲ್ಲಿ ಪಾಪವಾಯಿತು. ಇಂಗ್ಲಿಷ್ ಬರಲಿ ಎಂದು ನನ್ನನ್ನು ಕಾನ್ವೆಂಟಿಗೆ ಹಾಕಿದ್ದ. ಆದರೆ ಅಲ್ಲಿಯ ಚಾಪೆಲ್ ದಾಟುವಾಗ ವಿಗ್ರಹ ಕಣ್ಣಿಗೆ ಬೀಳದಂತೆ ನೆಲ ನೋಡಿಕೊಂಡು ನಡೆಯಬೇಕು, ಅದು ಆರ್ಡರ್. ದಿನಾ ಸಂಜೆ ಪ್ರಾರ್ಥನೆಯಾದ ಮೇಲೆ ಕೇಳುತ್ತಿದ್ದ, "ಇವತ್ತ ಕರ್ತ ಬಂದ್ರ ತಯಾರ ಅದಿಯೇನು?" ಕರ್ತನಾದ ಕ್ರಿಸ್ತ ಮತ್ತೆ ಬಂದಾಗ ನಂಬಿದವರು ಇದ್ದಲ್ಲಿಂದಲೇ ಮೇಲೆ ಸ್ವರ್ಗಕ್ಕೆ ಹೋಗುತ್ತಾರೆ, ಉಳಿದವರ ಪಾಡು ಹೇಳುವುದೇ ಬೇಡ ಎಂಬುದು ಸಭೆಯವರ ನಂಬಿಕೆ.

ಎಂಟು ವರ್ಷದವಳಿದ್ದಾಗ ಒಂದು ಮಧ್ಯಾಹ್ನ ಸ್ಕೂಲಿನಿಂದ ಬಂದೆ. ಬಾಗಿಲು ತೆರೆದಿತ್ತು. ಸ್ಟೋವಿನ ಮೇಲೆ ಹಾಲು ಉಕ್ಕಿ ಕರಕಲಾಗುತ್ತಿತ್ತು. ಅವ್ವನ ಚಪ್ಪಲಿ ಹೊಸ್ತಿಲ ಹತ್ತಿರ, ಅಪ್ಪನ ಕನ್ನಡಕ ತೆರೆದ ಬೈಬಲ್ಲಿನ ಮೇಲೆ. "ಅವ್ವಾ" ಎಂದು ಕೂಗಿದೆ. ಯಾರೂ ಓಗೊಡಲಿಲ್ಲ. ಎಲ್ಲರೂ ಹೋಗಿಬಿಟ್ಟರು, ನಾನೊಬ್ಬಳೇ ಉಳಿದೆ! ಕೂಸುಗಳಿಗೆ ಪಾಪವಿಲ್ಲ, ಅವು ಖಂಡಿತ ಹೋಗುತ್ತವೆ ಎಂದು ಸಭೆಯಲ್ಲಿ ಕೇಳಿದ್ದು ನೆನಪಾಗಿ ಪಕ್ಕದ ಫಿಲೋಮಿನಾ ಆಂಟಿಯ ಮನೆಗೆ ಓಡಿದೆ. ವಿಗ್ರಹಗಳಿದ್ದ ಆ ಕ್ಯಾಥೊಲಿಕ್ ಮನೆಗೆ ನಾನು ಕಾಲಿಡುವ ಹಾಗಿರಲಿಲ್ಲ. ಒಳಗೆ ನುಗ್ಗಿ, ಅವರ ಮೂರು ತಿಂಗಳ ಮೊಮ್ಮಗನ ತೊಟ್ಟಿಲಿನ ಬಟ್ಟೆ ಸರಿಸಿದೆ. ಕೂಸು ಇತ್ತು. ಮುಷ್ಟಿ ಚೀಪುತ್ತ ನನ್ನನ್ನೇ ನೋಡುತ್ತಿತ್ತು. ಹಾಗಾದರೆ ಯಾರೂ ಹೋಗಿರಲಿಲ್ಲ. ತೊಟ್ಟಿಲ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ಆಂಟಿ ಕಾರಣ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, ಕೊಂಕಣಿಯಲ್ಲಿ ಹೇಳಿದರು: "ಸ್ವರ್ಗಕ್ಕೆ ಹೋಗಿಲ್ಲ ಮಗಳೇ, ಬಾವಿಗೆ ಬಿದ್ದ ಕರು ಎತ್ತಲು ಹೋಗಿದ್ದಾರೆ!"

ಮೈಯೆಲ್ಲ ಕೆಸರಾಗಿದ್ದ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ಬೈಯಲಿಲ್ಲ, ಹೊಡೆಯಲಿಲ್ಲ. ಎಲ್ಲ ಕೇಳಿಕೊಂಡು ಮೆಲ್ಲಗೆ ಅಂದ, "ಅಂದ್ರ, ಕರ್ತ ಬಂದಿಲ್ಲಂತ ಖುಷಿ ಪಟ್ಟಿ." ಭಾನುವಾರ ಸಭೆಯ ಮುಂದೆ ನಿಂತು ಆ ಪಾಪವನ್ನು ಒಪ್ಪಿಕೊಂಡೆ. ಬೆಂಚಿನ ಮೇಲೆ ಕೂತ ಒಬ್ಬೊಬ್ಬರೂ ತಮ್ಮ ಮಕ್ಕಳನ್ನು ಹತ್ತಿರಕ್ಕೆಳೆದುಕೊಂಡರು.

ಇಪ್ಪತ್ತೆರಡಕ್ಕೆ ಸಭೆ ಬಿಟ್ಟೆ. ಬಿಟ್ಟವರ ಜೊತೆ ಉಣ್ಣಬಾರದೆಂದು ಅಪ್ಪ ಸಾಯುವತನಕ ನನ್ನೊಡನೆ ಊಟಕ್ಕೆ ಕೂಡಲಿಲ್ಲ. ಟೀಚರ್ ಆದೆ, ಬಳೆ ತೊಟ್ಟೆ, ಮ್ಯಾಟಿನೀ ನೋಡಿ ಬಂದೆ. ಆದರೆ ತಯಾರಿದ್ದೀಯಾ ಎಂದು ಯಾರೂ ಕೇಳದ ಸಂಜೆಗಳಲ್ಲಿ ನಾನು ಯಾರೆಂಬುದೇ ಎಷ್ಟೋ ವರ್ಷ ತಿಳಿಯುತ್ತಿರಲಿಲ್ಲ. ಹೆಸರು ಕೇಳಿದರೆ ಒಂದು ಕ್ಷಣ ತಡೆದು ಹೇಳುತ್ತಿದ್ದೆ.

ಈಗ ಆ ಮನೆಯಿಲ್ಲ. ಅವ್ವನ ಕಡೆಯ ದಿನಗಳಲ್ಲಿ ಒಮ್ಮೆ ತಲೆ ಬಾಚುತ್ತಿದ್ದಾಗ ಅವಳು ಗೋಡೆ ನೋಡುತ್ತ ಅಂದಳು, "ಸ್ವರ್ಗದಾಗ ಎಲ್ಲಾರೂ ಇರ್ತಾರ. ನೀ ಒಬ್ಬಾಕಿ ಇರೂದಿಲ್ಲ. ನನ್ನ ಜಡಿ ಯಾರ ಹಾಕ್ತಾರ ಬೇ?"

ಎರಡು ಬೆರಳಷ್ಟು ದಪ್ಪವೂ ಉಳಿಯದ ಆ ಬಿಳಿ ಕೂದಲನ್ನು ಹೆಣೆದೆ, ಬಿಚ್ಚಿದೆ, ಮತ್ತೆ ಹೆಣೆದೆ. ಸಾಕು ಎಂದು ಅವ್ವ ಹೇಳಲೇ ಇಲ್ಲ.